ಒಂದಕ್ಕೆ ಓಲ್ಡಾನ್, ಎರಡಕ್ಕೆ ರೈಟ್

ಮೂವತ್ತೊಂದು ವರ್ಷ ನಾನು ಸರ್ಕಾರಿ ಸರ್ವೇಯರ್ ಆಗಿದ್ದೆ. ಅಷ್ಟೂ ವರ್ಷದಲ್ಲಿ ಯಾವ ದೆವ್ವವೂ ನನ್ನ ಅಳತೆಯ ಮೇಲೆ ತಕರಾರು ಅರ್ಜಿ ಹಾಕಿದ್ದಿಲ್ಲ. ದೆವ್ವದ ಬಾವಿ, ಮುನಿಯ ಮರ, ಹೊತ್ತಿಳಿದ ಮೇಲೆ ದಾಟಬಾರದ ಬದು ಎಂದು ಜನ ಕೈತೋರಿಸಿದ ಕಡೆಯಲ್ಲೆಲ್ಲ ಸರಪಳಿ ಎಳೆಸಿದ್ದೇನೆ, ಕಲ್ಲು ನೆಡಿಸಿದ್ದೇನೆ, ಅದೇ ಮರದ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿ ಉಂಡಿದ್ದೇನೆ. ನನ್ನ ಕೂದಲು ಬೆಳ್ಳಗಾದದ್ದು ಬದುಕಿರುವವರು ಹಾಕಿದ ತಕರಾರುಗಳಿಗೆ ಉತ್ತರ ಬರೆದು. ಆದ್ದರಿಂದ ಈಗ ಹೇಳಲಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ, ಎಲೆಯಡಿಕೆ ಹಾಕಿಕೊಂಡು, ಕೇಳಿದಂತೆ ನಟಿಸಿ, ಎದ್ದು ಹೋಗುತ್ತಿದ್ದೆ. ನೀವೂ ಹಾಗೆ ಮಾಡಿದರೆ ನನ್ನ ಆಕ್ಷೇಪಣೆಯಿಲ್ಲ. ಆದರೆ ನನ್ನ ಕಾಲಿನ ಕೆಲಸದಿಂದ ಒಬ್ಬ ಮನುಷ್ಯನ ಎಡಗೈ ಕೆಟ್ಟಿತು. ಅದು ನನ್ನ ತಪ್ಪೋ ಅಲ್ಲವೋ ಎಂಬುದು ಇನ್ನೂ ನನ್ನೊಳಗೆ ಇತ್ಯರ್ಥವಾಗಿಲ್ಲ. ಅದಕ್ಕಾಗಿ ಬರೆಯುತ್ತಿದ್ದೇನೆ.

ನಾಲ್ಕು ವರ್ಷದ ಹಿಂದಿನ ಮಾತು. ನಾನು ನಿವೃತ್ತನಾದ ಬೆನ್ನಿಗೇ ನನ್ನ ಎರಡು ಮಂಡಿಗಳೂ ಸ್ವಯಂ ನಿವೃತ್ತಿ ಪಡೆದಿದ್ದವು. ಹೊಳೆನರಸೀಪುರದ ನಮ್ಮ ಮನೆಯ ಮೆಟ್ಟಿಲು ಹತ್ತುವುದಕ್ಕೇ ಎರಡು ಸಲ ಯೋಚಿಸಬೇಕು. ಆದರೆ ಮನಸ್ಸಿಗೆ ಮಾತ್ರ ತಾನು ಕಲ್ಲು ನೆಡಿಸಿದ ಗುಡ್ಡಗಳ ಮೇಲೆ ಇನ್ನೊಂದು ಸಲ ನಿಲ್ಲಬೇಕೆಂಬ ಚಪಲ. ಆಗ ಹಾಸನದ ಕೆಲವು ಹುಡುಗರು ಭಾನುವಾರದ ದಿನ ಜೀಪು ತೆಗೆದುಕೊಂಡು ಸಾಲಗಾಮೆಯ ಆಚೆಯ ಬಂಡೆ, ಕೊರಕಲು ಹತ್ತುತ್ತಾರೆಂದು ತಿಳಿಯಿತು. ರಸ್ತೆಯಿರುವ ಕಾಲದಲ್ಲಿ ರಸ್ತೆ ಬಿಟ್ಟು ಹೋಗುವುದಕ್ಕೆ ಆಫ್‌ರೋಡ್ ಎಂದು ಹೆಸರಂತೆ. ಅದನ್ನೇ ನಾನು ಮೂವತ್ತೊಂದು ವರ್ಷ ಕಾಲ್ನಡಿಗೆಯಲ್ಲಿ ಮಾಡಿದ್ದೆ. ಆಗ ಅದಕ್ಕೆ ಡ್ಯೂಟಿ ಎನ್ನುತ್ತಿದ್ದರು. ಕೆಟ್ಟ ಮಂಡಿಗಳಿಗೆ ಬದಲಾಗಿ ನಾಲ್ಕು ಚಕ್ರಕ್ಕೂ ಎಳೆತವಿರುವ ಹಳೇ ಜೀಪೊಂದನ್ನು ಕೊಳ್ಳುವುದೆಂದು ತೀರ್ಮಾನಿಸಿದೆ.

ಜೀಪು ಸಿಕ್ಕಿದ್ದು ಅರಕಲಗೂಡು ಸೀಮೆಯ ಚನ್ನೇಗೌಡನ ಹತ್ತಿರ. ಹಿಂದೆ ಅದು ಸರ್ವಿಸ್ ಜೀಪು. ಅರಕಲಗೂಡಿನಿಂದ ಹೊಳೆದಂಡೆಯ ಊರುಗಳಿಗೆ ಜನರನ್ನು ತುಂಬಿಕೊಂಡು ಓಡುತ್ತಿತ್ತು. ರುದ್ರಪಟ್ಟಣದ ಸಂಗೀತೋತ್ಸವದ ದಿನಗಳಲ್ಲಿ ತಂಬೂರಿಗಳನ್ನೂ ಹೊತ್ತಿದೆಯಂತೆ. ನಾನು ನೋಡಲು ಹೋದಾಗ ಹುಲ್ಲಿನ ಮೆದೆಯ ಪಕ್ಕದಲ್ಲಿ ನಿಂತು ಆರು ವರ್ಷವಾಗಿತ್ತು. ಹಿಂದಿನ ಎಡಮೂಲೆಯಲ್ಲಿ, ಹೊರಗೆ, ಒಂದು ಕಬ್ಬಿಣದ ಮೆಟ್ಟಿಲು. ಅದರ ಮೇಲೆ ನಿಂತು ಜನ ಹತ್ತಿಸಿ ಇಳಿಸುತ್ತಿದ್ದವನ ಪಾದದ ಅಚ್ಚು ಕಬ್ಬಿಣ ಸವೆದು ಮೂಡಿತ್ತು. ಮೆಟ್ಟಿಲಿನ ಪಕ್ಕದ ತಗಡಿನಲ್ಲಿ, ಎದೆಯ ಮಟ್ಟಕ್ಕೆ, ಹುಣಸೆ ಬೀಜದಷ್ಟು ಗುಳಿ. ಉಂಗುರ ತೊಟ್ಟ ಬೆರಳಿನಿಂದ ತಟ್ಟಿ ತಟ್ಟಿ ಬಿದ್ದದ್ದು. ನಮ್ಮ ಕಡೆ ಬಸ್ಸು, ಜೀಪು ಹತ್ತಿದವರಿಗೆಲ್ಲ ಈ ಲೆಕ್ಕ ಗೊತ್ತು: ಒಂದು ತಟ್ಟಿದರೆ ಓಲ್ಡಾನ್, ನಿಲ್ಲಿಸು. ಎರಡು ತಟ್ಟಿದರೆ ರೈಟ್, ಹೊರಡು. ಗುಳಿಯಿಂದ ನಾಲ್ಕು ಬೆರಳು ಆಚೆ ಅಷ್ಟೇ ಗಾತ್ರದ ಒಂದು ಉಬ್ಬು ಇತ್ತು. ಬೆಸುಗೆಯ ಹನಿ ಇರಬೇಕೆಂದುಕೊಂಡೆ. ಹಾಳು ಅಭ್ಯಾಸ, ಎರಡನ್ನೂ ನನ್ನ ಪುಸ್ತಕದಲ್ಲಿ ಗುರುತು ಹಾಕಿಕೊಂಡೆ.

ಹೊರಡುವಾಗ ಚನ್ನೇಗೌಡ ಹೇಳಿದ್ದು ಒಂದೇ ಮಾತು. "ಆ ಮೆಟ್ಲು ಬ್ಯಾಡ ಅನ್ಸಿದ್ರೆ ಬಿಸಾಕ್ಬ್ಯಾಡಿ ಸಾ. ನಂಗೆ ತಿಳ್ಸಿ, ಬಂದು ತಕ್ಕಂಡೋಯ್ತೀನಿ." ಹಳೇ ಗಾಡಿಯ ಮೋಹ ಎಂದುಕೊಂಡು ತಲೆಯಾಡಿಸಿದೆ.

ರಿಪೇರಿಗೆ ಹಿಡಿದದ್ದು ಲಿಂಗಣ್ಣ. ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ಅವನ ಶೆಡ್ಡು. ನನ್ನ ಸರ್ವಿಸ್ಸಿನ ಕಾಲದಿಂದ ಇಲಾಖೆಯ ಜೀಪುಗಳನ್ನು ಬದುಕಿಸಿಟ್ಟವನು. ನನಗಿಂತ ಎರಡು ವರ್ಷ ಚಿಕ್ಕವನು, ನನಗಿಂತ ನಾಲ್ಕು ಪಟ್ಟು ಗಟ್ಟಿ. ಹಣೆಗೆ ಮೂರು ಗೆರೆ ವಿಭೂತಿ ಎಳೆಯದೆ ಸ್ಪ್ಯಾನರ್ ಮುಟ್ಟುವವನಲ್ಲ. ಜೀಪನ್ನು ಐದಂಗುಲ ಎತ್ತರಿಸಬೇಕು ಎಂದಾಗ ಅವನು ಅದರ ಸುತ್ತ ಒಂದು ಸುತ್ತು ಬಂದು, "ಭೂಮಿ ಅಳ್ದಿದ್ದು ಸಾಲ್ದು ಅಂತ ಆಕಾಸುಕ್ ಒಂಟ್ರಾ ಸಾ?" ಎಂದ. ಕೆಲಸ ಮಾತ್ರ ಶ್ರದ್ಧೆಯಿಂದ ಮಾಡಿದ. ಚಕ್ರಗಳ ಮೇಲೆ ಗಾಡಿಯನ್ನು ಹೊರುವ, ಸೊರಗಿದ ಕಮಾನುಪಟ್ಟಿಗಳನ್ನು ಬಿಚ್ಚಿ, ಕುಲುಮೆಯಲ್ಲಿ ಕಾಯಿಸಿ ಬಾಗು ಕೂರಿಸಿ, ಪ್ರತಿ ಮೂಲೆಗೂ ಒಂದೊಂದು ಪಟ್ಟಿ ಹೆಚ್ಚಿಗೆ ಸೇರಿಸಿದ. ಹಿಂದಿನ ಸೀಟುಗಳನ್ನು ಕಿತ್ತು ಬಯಲು ಮಾಡಿದ. ಬಂಡೆ ಹತ್ತುವಾಗ ನೆಲಕ್ಕೆ ತಾಗುತ್ತದೆಂದು ಆ ಮೆಟ್ಟಿಲನ್ನೂ ಕುಯ್ದು ತೆಗೆದ. ನಾನು ಅದನ್ನು ಗೋಣಿಚೀಲದಲ್ಲಿ ಸುತ್ತಿ ಮೂಲೆಗಿಟ್ಟೆ.

ಎತ್ತರಿಸಿದ್ದೇನೋ ಆಯಿತು. ಆದರೆ ಗಾಡಿ ಮೇಲೆದ್ದ ಕಾರಣ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟು ಓರೆಯಾಯಿತು, ತಿರುಗುವಾಗ ಎಲ್ಲೋ ಕಟಕಟ ಸದ್ದು. ಎಲ್ಲಿ ಎಂದು ಹುಡುಕಲು ಲಿಂಗಣ್ಣ ನಾಲ್ಕು ಚಕ್ರವೂ ನೆಲ ಬಿಡುವಂತೆ ಗಾಡಿಯನ್ನು ರೈಲು ಹಳಿಯ ಮರದ ದಿಮ್ಮಿಗಳ ಮೇಲೆ ಕೂರಿಸಿದ. ನಾನು ಸೀಟಿನಲ್ಲಿ, ಅವನು ಕೆಳಗೆ ಅಂಗಾತ. ಸೈಲೆನ್ಸರ್ ಬಿಚ್ಚಿದ್ದರಿಂದ ಎಂಜಿನ್ನಿನ ಆರ್ಭಟದಲ್ಲಿ ಮಾತು ಕೇಳುವಂತಿರಲಿಲ್ಲ. ಆದ್ದರಿಂದ ನಮ್ಮ ನಡುವೆ ಆ ಹಳೆಯ ಲೆಕ್ಕವನ್ನೇ ಇಟ್ಟುಕೊಂಡೆವು. ಅವನು ಸ್ಪ್ಯಾನರಿನಿಂದ ಚಾಸಿಯ ಮೇಲೆ ಎರಡು ತಟ್ಟಿದರೆ ನಾನು ಕ್ಲಚ್ ಬಿಡಬೇಕು, ಶಾಫ್ಟು ತಿರುಗುತ್ತದೆ. ಒಂದು ತಟ್ಟಿದರೆ ಕ್ಲಚ್ ಒತ್ತಿ ನಿಲ್ಲಿಸಿ, ಹಾಗೇ ಹಿಡಿದಿರಬೇಕು.

ಮಧ್ಯಾಹ್ನವೆಲ್ಲ ಹೀಗೆ ನಡೆಯಿತು. ಅವನ ಎರಡು ತಟ್ಟು ಯಾವಾಗಲೂ ಟಕ್‌ಟಕ್ ಎಂದು ಒಟ್ಟಿಗೇ ಬರುತ್ತಿತ್ತು, ಮಿಲಿಟರಿಯವರ ಸೆಲ್ಯೂಟಿನಂತೆ. ಸುಮಾರು ನಾಲ್ಕು ಗಂಟೆ, ಒಳ್ಳೆ ಬಿಸಿಲು. ಶೆಡ್ಡಿನಲ್ಲಿ ನಾವಿಬ್ಬರೇ. ಒಂದು ಬಡಿತ ಬಂತು, ಕ್ಲಚ್ ಒತ್ತಿದೆ, ಶಾಫ್ಟು ನಿಂತಿತು. ಎಂಜಿನ್ ಓಡುತ್ತಲೇ ಇತ್ತು. ಸ್ವಲ್ಪ ಹೊತ್ತು ಏನೂ ಇಲ್ಲ. ನನ್ನ ಎಡಮಂಡಿ ನಡುಗತೊಡಗಿತು. ಆಮೇಲೆ ಟಕ್ ಎಂದಿತು. ಆಮೇಲೆ, ಕಣ್ಣು ಒಂದು ಸಲ ಮುಚ್ಚಿ ತೆರೆಯುವಷ್ಟು ಹೊತ್ತು ಬಿಟ್ಟು, ಇನ್ನೊಂದು ಟಕ್.

ಎರಡು ಎಂದರೆ ರೈಟ್. ಕ್ಲಚ್ ಬಿಟ್ಟೆ.

ಕೆಳಗಿನಿಂದ ಬಂದ ಸದ್ದನ್ನು ವರ್ಣಿಸುವುದಿಲ್ಲ. ಲಿಂಗಣ್ಣ ಚೀರಲಿಲ್ಲ, ಒಂದೇ ಸಲ "ಶಿವಾ" ಎಂದ. ಅವನು ಎಡಗೈಯಲ್ಲಿ ಬಟ್ಟೆ ಹಿಡಿದು ಶಾಫ್ಟಿನ ಕೀಲಿನ ಗ್ರೀಸು ಒರೆಸುತ್ತಿದ್ದನಂತೆ. ನನ್ನ ಕಾಲು ಎಲ್ಲಿ ಜಾರೀತೋ ಎಂದು, ಇನ್ನೂ ಹಿಡಿದಿರಿ ಎನ್ನುವುದಕ್ಕೆ ಒಂದು ತಟ್ಟಿದ್ದನಂತೆ. ಒಂದೇ ಒಂದು. ಶಾಫ್ಟು ಬಟ್ಟೆಯನ್ನು ಎಳೆದುಕೊಂಡಿತು, ಬಟ್ಟೆ ಕೈಯನ್ನು. ಹಾಸನದ ಆಸ್ಪತ್ರೆಯಲ್ಲಿ ಕಿರುಬೆರಳು ಹೋಯಿತು. ಉಂಗುರದ ಬೆರಳು ಉಳಿಯಿತು, ಆದರೆ ಮಡಚುವುದಿಲ್ಲ. ನಟ್ಟು ತಿರುಗಿಸುವುದು ಬಲಗೈಯಾದರೂ ಹಿಡಿಯುವುದು ಎಡಗೈ. ಮೆಕ್ಯಾನಿಕ್ಕಿಗೆ ಎಡಗೈ ಎಂದರೆ ಏನೆಂದು ನಿಮಗೆ ಬೇರೆ ಹೇಳಬೇಕಾಗಿಲ್ಲ.

ಅವನು ನನ್ನನ್ನು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಕೂತು ಹೇಳಿದ: "ನಿಮ್ ಮ್ಯಾಲೆ ಕ್ವಾಪ ಇಲ್ಲ ಸಾ. ವಯಸ್ಸಾಯ್ತು, ಕಾಲು ನಡುಗ್ತು, ಬುಟ್ರಿ. ತಪ್ಪಾಯ್ತು ಅಂದ್ಬುಡಿ, ಮುಗ್ದೋಯ್ತದೆ. ಎರಡ್ ಕೇಳ್ತು ಅಂತ ಮಾತ್ರ ಅನ್ಬ್ಯಾಡಿ. ನಾನು ತಟ್ಟಿದ್ದು ಒಂದೇಯ."

ತಪ್ಪಾಯಿತು ಎನ್ನುವುದು ಸುಲಭವಿತ್ತು. ಮೂವತ್ತು ವರ್ಷದ ಸ್ನೇಹ ಉಳಿಯುತ್ತಿತ್ತು. ಆದರೆ ಅಳೆಯದ ಅಳತೆಗೆ ನಾನು ಸಹಿ ಹಾಕಿದವನಲ್ಲ. ಎರಡು ಕೇಳಿಸಿತ್ತು. ಹಾಗೆಂದೆ. ಅವನು ಗೋಡೆಯ ಕಡೆ ಮುಖ ತಿರುಗಿಸಿದ.

ಮೊದಲು ನನ್ನ ಕಿವಿಯನ್ನೇ ಆರೋಪಿಯಾಗಿ ನಿಲ್ಲಿಸಿದೆ. ಡಾಕ್ಟರು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿ, ಈ ವಯಸ್ಸಿಗೆ ಬಹಳ ಚೆನ್ನಾಗಿದೆ ಎಂದರು. ಇಪ್ಪತ್ತು ವರ್ಷದಿಂದ ನನ್ನನ್ನು ಕಿವುಡನೆಂದು ಸಾರುತ್ತ ಬಂದಿದ್ದ ನನ್ನ ಹೆಂಡತಿಗೆ ಇದರಿಂದ ಆಘಾತವಾಯಿತು. ಹಾಗಾದರೆ ಇಷ್ಟು ದಿನ ಬೇಕೆಂದೇ ಕೇಳಿಸಿಕೊಳ್ಳಲಿಲ್ಲವೇ ಎಂಬ ಪ್ರಶ್ನೆಗೆ ನಾನು ಇವತ್ತಿಗೂ ಉತ್ತರ ಕೊಟ್ಟಿಲ್ಲ.

ಆಮೇಲೆ ಪ್ರತಿಧ್ವನಿಯ ಸರದಿ. ಲಿಂಗಣ್ಣನನ್ನು ಬಹಳ ಬೇಡಿಕೊಂಡೆ. ಕೈಗೆ ಪಟ್ಟಿ ಕಟ್ಟಿಕೊಂಡೇ ಬಂದು, ಜೀಪಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಅದೇ ಸ್ಪ್ಯಾನರಿನಿಂದ ಅದೇ ಜಾಗದಲ್ಲಿ ತಟ್ಟಿದ. ನಾನು ಸೀಟಿನಲ್ಲಿ. ಎಂಜಿನ್ ಓಡಿಸಿ ಇಪ್ಪತ್ತು ಸಲ, ನಿಲ್ಲಿಸಿ ಇಪ್ಪತ್ತು ಸಲ. ನಲವತ್ತು ಸಲವೂ ಅವನು ತಟ್ಟಿದ್ದು ಒಂದು, ನನಗೆ ಕೇಳಿಸಿದ್ದು ಒಂದು. ಅವನು ಸ್ಪ್ಯಾನರನ್ನು ನನ್ನ ಪಕ್ಕದ ಸೀಟಿನ ಮೇಲಿಟ್ಟು ಎದ್ದು ಹೋದ. ಅದೇ ಅವನ ತೀರ್ಪು. ಎರಡನೆಯ ಬಡಿತ ತಡವಾಗಿ ಬಂದಿತ್ತು, ಲಿಂಗಣ್ಣನ ತಟ್ಟಿನಂತೆ ಇರಲಿಲ್ಲ ಎಂಬುದು ಆ ಹೊತ್ತಿಗೆ ನನಗೆ ಹೊಳೆದಿತ್ತು. ಆದರೆ ಅದನ್ನು ಯಾರಿಗೂ ಹೇಳಲಿಲ್ಲ. ಸೋತವನು ಕೊನೆಗೆ ಹುಟ್ಟಿಸಿಕೊಂಡ ಸಾಕ್ಷಿಯಂತೆ ಕಾಣುತ್ತಿತ್ತು.

ಜೀಪನ್ನು ಮನೆಯ ಅಂಗಳಕ್ಕೆ ತರಿಸಿದೆ. ಗುಡ್ಡ ಹತ್ತುವ ಆಸೆ ಇಳಿದಿತ್ತು. ಒಂದು ತಿಂಗಳ ಮೇಲೆ ಗೋಣಿಚೀಲ ಕಣ್ಣಿಗೆ ಬಿದ್ದು ಚನ್ನೇಗೌಡನ ಮಾತು ನೆನಪಾಯಿತು. ಬಸ್ಸಿನಲ್ಲಿ ಮೆಟ್ಟಿಲನ್ನು ಹೊತ್ತುಕೊಂಡು ಹೋಗಿ ಅವನ ಜಗುಲಿಯ ಮೇಲಿಟ್ಟೆ. ಅವನು ಸವೆದ ಅಚ್ಚಿನ ಮೇಲೆ ಅಂಗೈ ಇಟ್ಟುಕೊಂಡು ಕೂತ. ಗಾಡಿ ಹೇಗಿದೆ ಎಂದು ಕೇಳಿದ. ನಡೆದದ್ದನ್ನು ಹೇಳಿದೆ: ಲಿಂಗಣ್ಣ ಒಂದು ತಟ್ಟಿದೆ ಎನ್ನುತ್ತಾನೆ, ನನಗೆ ಎರಡು ಕೇಳಿಸಿತು.

ಚನ್ನೇಗೌಡ ತಲೆಯೆತ್ತಿದ. ಅಂಥ ಮುಖವನ್ನು ನಾನು ಮತ್ತೆ ನೋಡಿಲ್ಲ. "ಎರಡ್ನೇದು ಒಸಿ ತಡ್ವಾಗಿ ಬಂತಾ ಸಾ?" ಎಂದ.

ನಾನು ಉತ್ತರ ಕೊಡುವ ಮೊದಲೇ ಅವನು ಹೇಳತೊಡಗಿದ. ಆ ಮೆಟ್ಟಿಲ ಮೇಲೆ ಹನ್ನೊಂದು ವರ್ಷ ನಿಂತವನು ಅವನ ತಮ್ಮ ಸ್ವಾಮಿ. ರುದ್ರಪಟ್ಟಣಕ್ಕೆ ಬರುತ್ತಿದ್ದ ಸಂಗೀತಗಾರರೇ ಅವನ ತಟ್ಟಿನಲ್ಲಿ ತಾಳ ತಪ್ಪುವುದಿಲ್ಲ ಎಂದು ತಮಾಷೆ ಮಾಡುತ್ತಿದ್ದರಂತೆ. ಆರು ವರ್ಷದ ಹಿಂದೆ ಒಂದು ಬೆಳಗ್ಗೆ ಮೋರಿಯೊಂದರ ಹತ್ತಿರ ಮುದುಕಿಯೊಬ್ಬಳನ್ನು ಇಳಿಸಿ, ಒಂದು ಕಾಲು ನೆಲದ ಮೇಲೆ, ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟು ಆಕೆಯ ರಾಗಿ ಮೂಟೆ ಎಳೆದುಕೊಡುತ್ತಿದ್ದ. ಸ್ಟೀರಿಂಗ್ ಹಿಡಿದಿದ್ದ ಚನ್ನೇಗೌಡನಿಗೆ ಎರಡು ಬಡಿತ ಕೇಳಿಸಿತು. ಗಾಡಿ ಬಿಟ್ಟ. ಸ್ವಾಮಿಯ ತಲೆ ಮೋರಿಯ ಕಲ್ಲಿಗೆ ಬಡಿಯಿತು. ಹಿಂದೆ ಕೂತಿದ್ದವರು ಸ್ವಾಮಿ ತಟ್ಟಿದ್ದು ಒಂದೇ ಎಂದರು. ತಮ್ಮನ ಹೆಂಡತಿ ರತ್ನಮ್ಮ ಚನ್ನರಾಯಪಟ್ಟಣದ ಹತ್ತಿರದ ತವರಿಗೆ ಹೋದವಳು ಆ ದಿನದಿಂದ ಭಾವನ ಜೊತೆ ಮಾತು ಬಿಟ್ಟಿದ್ದಾಳೆ.

ದೆವ್ವದ ಕತೆ ಎಂದರೆ ಸತ್ತವನು ಬಂದು ತಟ್ಟಬೇಕು, ಅದು ರೂಢಿ. ಇಲ್ಲಿ ಸತ್ತವನು ಸತ್ತದ್ದೇ ಆ ಎರಡನೆಯ ಬಡಿತದಿಂದ. ಅದು ಅವನಿಗಿಂತ ಹಿಂದಿನದು.

"ಆರ್ ವರ್ಷದಿಂದ ನಾನೇ ತಮ್ಮನ್ನ ಕೊಂದೆ ಅಂದ್ಕಂಡಿವ್ನಿ ಸಾ" ಎಂದ ಚನ್ನೇಗೌಡ. "ನೀವು ಒಂದ್ ಸತಿ ಬಂದು ಆ ಹೆಣ್ಮಗ್ಳಿಗೆ ಏಳ್ಬುಡಿ. ನಂಗೂ ಎರಡ್ ಕೇಳ್ತು ಅಂತ. ಅಷ್ಟೇಯ."

ಹೋದೆ. ನಂಬಿಕೆಯಿಲ್ಲದ ವಿಷಯಕ್ಕೆ ಸಾಕ್ಷಿ ಹೇಳಲು ಹೋದ ಮೊದಲ ಸರ್ವೇಯರ್ ನಾನೇ ಇರಬೇಕು. ರತ್ನಮ್ಮ ಹಟ್ಟಿಯ ಮುಂದೆ ರಾಗಿ ಕೇರುತ್ತಿದ್ದಳು. ಭಾವನನ್ನು ಕಂಡು ಸೆರಗು ಸರಿಮಾಡಿಕೊಂಡಳೇ ಹೊರತು ಬನ್ನಿ ಎನ್ನಲಿಲ್ಲ. ನಾನು ನಿಂತುಕೊಂಡೇ ನನ್ನ ಹೇಳಿಕೆ ಕೊಟ್ಟೆ. ಮೊರ ನಿಲ್ಲಲಿಲ್ಲ. ಪೂರ್ತಿ ಮುಗಿದ ಮೇಲೆ ಕೇಳಿದಳು: "ಎರಡ್ನೇದು ಒಳ್ಗಡಿಂದ್ಲಾ ಬಂದದ್ದು, ಒರ್ಗಡಿಂದ್ಲಾ?"

ಭೂಮಿಯ ಮೇಲಿನ ಎಲ್ಲ ದಿಕ್ಕನ್ನೂ ಬರೆದುಕೊಂಡ ನಾನು ಇದನ್ನು ಮಾತ್ರ ಕೇಳಿಕೊಂಡಿರಲಿಲ್ಲ. ಈಗ ಕೇಳಿಕೊಂಡಾಗ ಉತ್ತರ ತಡವಾಗಲಿಲ್ಲ. ಮೊದಲನೆಯದು ಕೆಳಗಿನಿಂದ ಬಂದಿತ್ತು. ಎರಡನೆಯದು ನನ್ನ ಬೆನ್ನ ಹಿಂದಿನಿಂದ, ಗಾಡಿಯೊಳಗಿನಿಂದ. ಹಾಗೆಂದೆ.

ಮೊರ ನಿಂತಿತು. ಸ್ವಾಮಿ ಬಹಳ ದಿನ ದೂರುತ್ತಿದ್ದನಂತೆ: ತಾನು ಹೊರಗೆ ಒಂದು ತಟ್ಟಿದರೆ ಒಳಗೆ ಕೂತವರು ಯಾರೋ ಕುಚೇಷ್ಟೆಗೆ ಇನ್ನೊಂದು ತಟ್ಟುತ್ತಾರೆ, ಎಷ್ಟು ಜನಕ್ಕೆ ಬೈಯುವುದು ಎಂದು. "ಆಮ್ಯಾಕ್ ಒಂದಿನ, ಖಾಲಿ ಗಾಡಿ ಮನೆಗ್ ತರ್ವಾಗ್ಲೂ ತಟ್ತಾರೆ ಕಣಮ್ಮಿ ಅಂದ್ರು. ನಾನು ನಕ್ಬುಟ್ಟೆ." ಇಷ್ಟು ಹೇಳಿ ರತ್ನಮ್ಮ ಒಳಗೆ ಹೋದಳು. ಬಹಳ ಹೊತ್ತಿನ ಮೇಲೆ ಕಾಫಿ ಬಂತು. ಎರಡು ಲೋಟ. ಚನ್ನೇಗೌಡ ತನ್ನದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ, ಆರಿಹೋಗುವವರೆಗೂ ಕುಡಿಯಲಿಲ್ಲ.

ಊರಿಗೆ ಬಂದವನು ನೇರವಾಗಿ ಶೆಡ್ಡಿಗೆ ಹೋಗಿ ಲಿಂಗಣ್ಣನನ್ನು ಮನೆಗೆ ಕರೆತಂದೆ. ಎಲ್ಲವನ್ನೂ ಹೇಳಿದೆ. ಅವನು ಕೂತು ಕೇಳಿದ. ಇಬ್ಬರೂ ಅಂಗಳದಲ್ಲಿದ್ದ ಜೀಪಿನ ಹತ್ತಿರ ಹೋದೆವು. ಹೊರಗಿನ ತಗಡಿನ ಮೇಲೆ ಸ್ವಾಮಿಯ ಉಂಗುರದ ಗುಳಿ, ನಾಲ್ಕು ಬೆರಳು ಆಚೆ ಆ ಉಬ್ಬು. ಲಿಂಗಣ್ಣ ಉಬ್ಬಿನ ಮೇಲೆ ಹೆಬ್ಬೆರಳು ಸವರಿ, "ಇದು ಬೆಸುಗೆ ಅಲ್ಲ ಸಾ" ಎಂದ. ನನಗಿಂತ ಮೊದಲು ಅವನೇ ಒಳಗೆ ಬಗ್ಗಿ ನೋಡಿದ. ಸೀಟು ಕಿತ್ತ ಬರಿ ತಗಡು. ಉಬ್ಬಿನ ಹಿಂಭಾಗದಲ್ಲಿ, ಒಳಮೈಯಲ್ಲಿ, ಹುಣಸೆ ಬೀಜದಷ್ಟು ಗುಳಿ. ಬಣ್ಣ ಸವೆದು ನುಣ್ಣಗೆ ಹೊಳೆಯುತ್ತಿತ್ತು.

ಸರ್ವಿಸ್ ಜೀಪಿನಲ್ಲಿ ಎಷ್ಟು ವರ್ಷ, ಎಷ್ಟು ಸಾವಿರ ಜನ ಕೂತಿದ್ದರೋ. ಯಾರ್ಯಾರೋ ಇಳಿಯಲೆಂದು ತಟ್ಟಿ ತಟ್ಟಿ ಬಿದ್ದ ಗುಳಿಯಿರಬಹುದು. ಇದು ನನ್ನ ವಿವರಣೆ, ದಾಖಲೆಯಲ್ಲಿರಲಿ. ಲಿಂಗಣ್ಣನ ಶೆಡ್ಡಿನಲ್ಲಿ, ಹಾಡುಹಗಲು ನಾಲ್ಕು ಗಂಟೆಗೆ, ನನ್ನ ಹಿಂದೆ ಒಂದು ಸ್ಟೆಪ್ನಿ ಮತ್ತು ನನ್ನ ಕೊಡೆ ಬಿಟ್ಟು ಇನ್ನೇನೂ ಇರಲಿಲ್ಲ ಎಂಬುದೂ ದಾಖಲೆಯಲ್ಲಿರಲಿ.

ಲಿಂಗಣ್ಣ ಮಡಚದ ಆ ಬೆರಳನ್ನು ಬಲಗೈಯಲ್ಲಿ ನೀವಿಕೊಂಡು, "ಆಯ್ತು ಸಾ. ಎರಡ್ ಅಂತ್ಲೇ ಬರ್ಕಳಿ" ಎಂದ. ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಅವನು ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಇವತ್ತು ನೆಮ್ಮದಿಯಾಗಿರುತ್ತಿದ್ದೆ. ಗೇಟಿನವರೆಗೆ ಹೋದವನು ತಿರುಗಿ ಜೀಪಿನ ಎತ್ತರವನ್ನು, ಮೆಟ್ಟಿಲು ಕುಯ್ದ ಜಾಗವನ್ನು ನೋಡಿದ.

"ಮೊದ್ಲಾದ್ರೆ ಮೆಟ್ಲಿತ್ತು. ನಾವು ಅದ್ನೂ ಕುಯ್ದು, ಗಾಡೀನೂ ಎತ್ರುಕ್ ಏರ್ಸ್‌ಬುಟ್ವಿ. ಇನ್ ಅದು ಇಳಿಯದೆಂಗೆ ಸಾ?"

ಜೀಪು ಅಂಗಳದಲ್ಲೇ ಇದೆ. ಹಾಸನದ ಹುಡುಗರು ಬಂದು ಕೇಳಿದರು, ಕೊಡಲಿಲ್ಲ. ಗಾಡಿಯ ಹಿಂಭಾಗದಲ್ಲಿ ಯಾರೂ ಇಲ್ಲ ಎಂದು ಬರೆದು ಸಹಿ ಹಾಕಿ ಮಾರಲು ನನ್ನಿಂದಾಗದು. ಇಂಥದ್ದನ್ನೆಲ್ಲ ನಂಬುವವನಲ್ಲ ನಾನು, ಮೊದಲೇ ಹೇಳಿದ್ದೇನೆ. ಆದರೂ ಲಿಂಗಣ್ಣ ಹೋದ ಮಾರನೆಯ ದಿನ ಕೂಲಿಯವರನ್ನು ಕರೆದು, ಜೀಪಿನ ಹಿಂದೆ, ಎಡಮೂಲೆಗೆ, ಎರಡು ಚಪ್ಪಡಿ ಕಲ್ಲುಗಳನ್ನು ಒಂದರ ಮೇಲೊಂದು ಮೆಟ್ಟಿಲಿನಂತೆ ಹಾಕಿಸಿದೆ. ಗಾಡಿ ತೊಳೆಯುವುದಕ್ಕೆ ಅನುಕೂಲ ಎಂದು ಹೆಂಡತಿಗೆ ಹೇಳಿದೆ. ಅವಳು ಜೀಪನ್ನೂ ಕಲ್ಲನ್ನೂ ನೋಡಿ, ಅದೇ ದಿನ ಜೀಪಿನ ಪಕ್ಕದಲ್ಲಿದ್ದ ಬಟ್ಟೆ ಒಣಗಿಸುವ ಹಗ್ಗವನ್ನು ಬಿಚ್ಚಿ ಅಂಗಳದ ಇನ್ನೊಂದು ಬದಿಗೆ ಕಟ್ಟಿದಳು.